ಗ್ರೂಪು ಬಿಡುತ್ತಿದ್ದ ಕಾಕಾ

ಹುಕ್ಕೇರಿಯ ನಮ್ಮ ಓಣಿಯಲ್ಲಿ ನಳದ ನೀರು ಮೊದಲು ಬರುತ್ತಿದ್ದುದು ಮೂಲೆಮನೆಗೆ. ಹೀಗಾಗಿ ಓಣಿಯ ವಾಟ್ಸಾಪ್ ಗ್ರೂಪಿನಲ್ಲಿ ‘ನೀರು ಬಂತು’ ಎಂದು ಸಾರುವ ಹಕ್ಕು ಆ ಮನೆಯ ಕಾಕಾ ಅವರದು. ಸಿಟ್ಟಾಗಿ ಗ್ರೂಪು ಬಿಡುವ ಹಕ್ಕೂ ಅವರದೇ. ಕನ್ನಡಕ ಹಣೆಗೇರಿಸಿ, ಒಂದೇ ಬೆರಳಿನಿಂದ, "ನನ್ನ ಮಾತಿಗಿ ಕಿಮ್ಮತ್ತ ಇಲ್ಲಂದ್ರ ನಾ ಯಾಕ ಇರ್ಲಿ?" ಎಂದು ಬರೆದು ಹೊರಬೀಳುತ್ತಿದ್ದರು. ಮದುವೆಯಲ್ಲಿ ಮುನಿದ ಬೀಗರನ್ನು ಕರೆತರುವಂತೆ ನಾವು ಹೋಗಿ, ರಮಿಸಿ, ಅವರದೇ ಮನೆಯ ಚಹಾ ಕುಡಿದು, ಮತ್ತೆ ಸೇರಿಸುತ್ತಿದ್ದೆವು.

ಒಮ್ಮೆ ಎದುರುಮನೆಯ ಮಾಸ್ತರರು, "ಕಾಕಾ, ದಿನಾ ಮುಂಜಾನಿ ಹೂವಿನ ಫೋಟೋ ಹಾಕೂದು ಸಾಕ್ ಮಾಡ್ರಿ" ಎಂದು ಬರೆದರು. ಕಾಕಾ ಹೊರಬಿದ್ದರು. ಆ ಸಲ ಯಾರೂ ರಮಿಸಲು ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಅವರು ಮನೆಮನೆಯ ಬಾಗಿಲು ಬಡಿದರು. "ನೀರ ಬಂದಾವ! ನಾ ಗ್ರೂಪಿನ್ಯಾಗ ಇಲ್ಲ, ನನಗ ಏನೂ ಕೇಳಬ್ಯಾಡ್ರಿ!" ಮಾಸ್ತರರ ಬಾಗಿಲನ್ನೂ ಬಡಿದರು, ಮುಖ ಮಾತ್ರ ರಸ್ತೆಯ ಕಡೆಗಿತ್ತು.

ಕೊಡಗಳು ತುಂಬಿದ ಮೇಲೆ ನಾನು ಅವರನ್ನು ಗ್ರೂಪಿಗೆ ಸೇರಿಸಿದೆ. ಕೂಡಲೇ ಕೇಳಿದರು: "ನಾ ಇಲ್ಲದಾಗ ನನ್ನ ಬಗ್ಗೆ ಏನೇನ್ ಬರದ್ರಿ?"

"ಯಾರೂ ಏನೂ ಬರದಿಲ್ರಿ ಕಾಕಾ" ಎಂದೆ.

ಕಾಕಾ ಮತ್ತೆ ಗ್ರೂಪು ಬಿಟ್ಟರು.