ಮಡಿಕೆ ಅತ್ತೆ ಕೋಣೆ ಖಾಲಿ ಮಾಡಿದ್ದು

ಗಿರಾಕಿಗಳು ಬಿಡಿಸಿ, ಮೈಗೆ ಹಿಡಿದು, ಕನ್ನಡಿ ಮುಂದೆ ಮೂತಿ ತಿರುವಿ, ‘ಬೇಡ’ ಎಂದು ಬಿಸಾಕಿ ಹೋದ ಬಟ್ಟೆಗಳನ್ನು ಮತ್ತೆ ಮಡಚಿಡುವುದು ಆಕೆಯ ಕೆಲಸವಾಗಿತ್ತು. ತನ್ನನ್ನೂ ಒಂದಿಬ್ಬರು ನೋಡಿ ‘ಬೇಡ’ ಎಂದು ಎದ್ದು ಹೋಗಿದ್ದರಿಂದ ಆ ಬಟ್ಟೆಗಳ ಮೇಲೆ ಆಕೆಗೆ ಸ್ವಲ್ಪ ಅಂತಃಕರಣ. ಬಟ್ಟೆ ಅಂಗಡಿ ಕಾಯಮ್ಮಾಗಿ ಬಾಗಿಲು ಹಾಕಿದ ಮೇಲೆ ತಮ್ಮನ ಮನೆ ಸೇರಿದಳು. ತಮ್ಮನ ಮಗಳು ‘ಮಡಿಕೆ ಅತ್ತೆ’ ಎಂದು ಹೆಸರಿಟ್ಟಳು. ಕೆಲಸಕ್ಕೂ ಸರಿ, ಆಕಾರಕ್ಕೂ ಸರಿ ಎಂದು ಮನೆಮಂದಿಯೆಲ್ಲ ನಕ್ಕರು. ಅತ್ತೆಯೂ ನಕ್ಕಳು. ಪುಕ್ಕಟೆ ಉಣ್ಣುವವರು ನಗುವುದರಲ್ಲಿ ಹಿಂದೆ ಬೀಳಬಾರದು.

ಮಲಗುವುದು ಹಾಲಿನ ಸೋಫಾ ಮೇಲೆ. ಇಷ್ಟು ವರ್ಷ ಹಾಲಿನಲ್ಲಿದ್ದರೂ ಕೆನೆ ಆಕೆಯ ಪಾಲಿಗೆ ಬರಲಿಲ್ಲ. ಟೀವಿ ಆರಿದ ಮೇಲೆಯೇ ಕಾಲು ಚಾಚಬೇಕು. ನೀರಿಗೆ ಎದ್ದವರೆಲ್ಲ ಆಕೆಯ ಕಣ್ಣಿಗೇ ದೀಪ ಹಾಕುತ್ತಿದ್ದರು. ಆಸ್ತಿಯೆಂದರೆ ಸೋಫಾ ಹಿಂದಿನ ಒಂದು ಸೂಟ್‌ಕೇಸು. ಆಸೆಯೂ ಒಂದೇ: ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲು. ಆ ಸುಖ ಆ ಮನೆಯಲ್ಲಿ ಆಕೆಗೆ ಸಿಗುತ್ತಿದ್ದುದು ಬಚ್ಚಲಲ್ಲಿ ಮಾತ್ರ. ಅಲ್ಲೂ ಯಾರಾದರೂ ಬಾಗಿಲು ಬಡಿಯುತ್ತಿದ್ದರು.

ಹೀಗಿರುವಾಗ ಹೆಸರಿಟ್ಟ ಆ ಸೊಸೆಗೆ, ತಮ್ಮನ ಮಗಳಿಗೆ, ಒಂದು ಸೆಮಿಸ್ಟರ್ ಹೊರದೇಶದಲ್ಲಿ ಓದುವ ಅವಕಾಶ ಬಂತು. ಎರಡು ಕಾಲೇಜುಗಳ ನಡುವೆ ಎಕ್ಸ್‌ಚೇಂಜು.

“ಅತ್ತೆ, ಪ್ಯಾಕಿಂಗ್ ನಿಂದು. ನಾನು ಹೋದ್ಮೇಲೆ ರೂಮು ನಿಂಗೇ.”

“ನಿಜ ಹೇಳ್ತಿದೀಯೇನೇ?”

“ನಾನೇ ಇರಲ್ವಲ್ಲ, ಮತ್ಯಾರು ಮಲಗ್ತಾರೆ?”

ಬಾಗಿಲಲ್ಲಿ ನಿಂತಿದ್ದ ತಮ್ಮನ ಹೆಂಡತಿ ಮಗಳ ಮುಖ ನೋಡಿದಳು. “ಒಳ್ಳೇದೇ ಆಯ್ತು. ಕಪಾಟು ಪೂರ್ತಿ ಖಾಲಿ ಮಾಡ್ಬಿಡಿ ಅಕ್ಕ, ಒಂದು ಕರ್ಚೀಫೂ ಉಳೀಬಾರ್ದು.”

ಅತ್ತೆ ಸೆರಗು ಸಿಕ್ಕಿಸಿದಳು. ಜೀನ್ಸುಗಳನ್ನು ಚಾಪೆಯಂತೆ ಸುತ್ತಿದಳು. ಬೂಟಿನ ಹೊಟ್ಟೆಗೆ ಕಾಲುಚೀಲ, ಕಾಲುಚೀಲದ ಹೊಟ್ಟೆಗೆ ಚಾರ್ಜರು. ಸ್ವೆಟರುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಮೇಲೆ ಕುಳಿತು ಗಾಳಿ ಬಿಡಿಸಿದಳು. “ಅಯ್ಯೋ, ಸ್ವೆಟರ್ ಸತ್ತೇ ಹೋಯ್ತು!” ಎಂದು ಸೊಸೆ ಕಿರುಚಿದಳು. ಭಾರದ ಪುಸ್ತಕ ಚಕ್ರದ ಕಡೆಗೆ, ಶಾಂಪೂ ಬಾಟಲಿಯ ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ, ಎಲ್ಲಕ್ಕಿಂತ ದಪ್ಪನೆಯ ಕೋಟು ಸೊಸೆಯ ಮೈಮೇಲೆ. ಮೈಮೇಲಿನದನ್ನು ಯಾವ ವಿಮಾನದವನೂ ತೂಗುವುದಿಲ್ಲ. ಸೂಟ್‌ಕೇಸು ತಕ್ಕಡಿ ಹತ್ತಿ ಇಳಿಯಿತು, ಒಂದು ಚೂರೂ ಹೆಚ್ಚಿರಲಿಲ್ಲ.

ಆದರೂ ಕಪಾಟಿನಲ್ಲಿ ಇನ್ನೊಂದು ಸೂಟ್‌ಕೇಸಿಗಾಗುವಷ್ಟು ಉಳಿದಿತ್ತು. ಉಳಿದರೆ ತನ್ನ ಬಟ್ಟೆ ಎಲ್ಲಿಡುವುದು? ಅತ್ತೆ ಸೋಫಾ ಹಿಂದಿನಿಂದ ತನ್ನದನ್ನೇ ಎಳೆದು, ಬಟ್ಟೆಯನ್ನು ನೆಲಕ್ಕೆ ಸುರಿದು, “ಇದನ್ನೂ ತಗೊಂಡು ಹೋಗು, ಇನ್ಮೇಲೆ ನಂಗ್ಯಾಕೆ” ಎಂದಳು.

ಹೊರಡುವ ದಿನ ಕಾರು ಹತ್ತಲು ಹೋದರೆ ತಮ್ಮನ ಹೆಂಡತಿ ತಡೆದಳು. “ನೀವು ಬೇಡ ಅಕ್ಕ, ವಾಪಸ್ ಬರೋವಾಗ ಜಾಗ ಸಾಲಲ್ಲ.”

ಹೋಗುವಾಗ ತಾನೇ ಜಾಗ ಸಾಲದ್ದು, ಬರುವಾಗ ಹೇಗೆ ಎಂದು ಅತ್ತೆಗೆ ಹೊಳೆಯಲಿಲ್ಲ. ಮನಸ್ಸು ಆಗಲೇ ಕೋಣೆಯೊಳಗಿತ್ತು.

ಕಾರು ತಿರುವು ದಾಟಿದ್ದೇ ತಡ, ಬಟ್ಟೆಗಳನ್ನು ಕಪಾಟಿನಲ್ಲಿ ಜೋಡಿಸಿದಳು. ಒಂದು ಖಾನೆಯೂ ತುಂಬಲಿಲ್ಲ. ಉಳಿದ ಖಾನೆಗಳನ್ನು ಸುಮ್ಮನೆ ಸವರಿದಳು. ಕೋಣೆ ಬಾಗಿಲಿನ ತುಕ್ಕು ಹಿಡಿದ ಚಿಲಕ ಕಿರ್ರೆನ್ನುತ್ತಿತ್ತು. ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ಬೆಣ್ಣೆಯಂತೆ ಜಾರುವವರೆಗೆ ಹಾಕಿ ತೆಗೆದು, ತೆಗೆದು ಹಾಕಿದಳು. ಆಮೇಲೆ ಮಂಚದ ಮೇಲೆ ಕೈಕಾಲು ಚೆಲ್ಲಿ ಬಿದ್ದುಕೊಂಡಳು. ಯಾರೂ ದೀಪ ಹಾಕಲಿಲ್ಲ.

ಹಾರ್ನ್ ಕೇಳಿ ಎದ್ದು ಹೋಗಿ ನೋಡಿದರೆ ಕಾರಿನಿಂದ ತಮ್ಮ ಇಳಿದ, ಹೆಂಡತಿ ಇಳಿದಳು, ಅವರ ಹಿಂದೆ ಎತ್ತರದ, ಬೆಳ್ಳನೆಯ ಹುಡುಗಿಯೊಬ್ಬಳು ಇಳಿದಳು. ಬಾಗಿಲಲ್ಲಿ ನಿಂತಿದ್ದ ಅತ್ತೆಯ ಕೈಗೆ ತನ್ನ ಕೋಟು ಕೊಟ್ಟು ಚೆಂದವಾಗಿ ನಕ್ಕಳು.

“ಯಾರೋ ಇದು?”

“ಎಕ್ಸ್‌ಚೇಂಜ್ ಅಲ್ವಾ ಅಕ್ಕ,” ಎಂದ ತಮ್ಮ, ಮೊಬೈಲಿನಿಂದ ತಲೆಯೆತ್ತದೆ. “ನಮ್ಮವಳು ಅಲ್ಲಿ, ಅವರವಳು ಇಲ್ಲಿ. ಸೆಮಿಸ್ಟರ್ ಮುಗಿಯೋವರೆಗೆ.”

“ಮುಂಚೇನೇ ಒಂದು ಮಾತು ಹೇಳಿದ್ರೆ...”

“ಹೇಳಿದ್ರೆ ಇಷ್ಟು ನೀಟಾಗಿ ಖಾಲಿ ಮಾಡ್ತಿದ್ರಾ?” ತಮ್ಮನ ಹೆಂಡತಿ ನಕ್ಕಳು. ಕೋಣೆಗೆ ಹೋಗಿ ಕಪಾಟು ತೆರೆದಳು. “ಇದೇನು, ಇಲ್ಲಿ ಯಾರದೋ ಉಳ್ಕೊಂಡಿದೆ?”

ಅತ್ತೆ ತನ್ನ ಬಟ್ಟೆ ತೆಗೆದಳು. ಹಾಕಲು ಸೂಟ್‌ಕೇಸಿರಲಿಲ್ಲ, ಅದು ಆಕಾಶದಲ್ಲಿತ್ತು. ಕಸದ ಚೀಲವೊಂದು ಸಿಕ್ಕಿತು. ಅಭ್ಯಾಸಬಲ, ಅದರಲ್ಲೂ ಅಂಚಿಗೆ ಅಂಚು ಕೂಡಿಸಿಯೇ ಇಟ್ಟಳು.

ಹುಡುಗಿ ಸೂಟ್‌ಕೇಸು ತೆರೆದಳು. ಎಲ್ಲ ಮುದ್ದೆ ಮುದ್ದೆ.

“ಬಿಡಮ್ಮ, ನಮ್ಮಕ್ಕ ಇದಾರೆ,” ಎಂದಳು ತಮ್ಮನ ಹೆಂಡತಿ.

ಅತ್ತೆ ಕುಳಿತು ಒಂದೊಂದಾಗಿ ಮಡಚಿದಳು. ಖಾನೆಗಳೆಲ್ಲ ತುಂಬಿದವು. ಕೆಲಸ ಮುಗಿದ ಮೇಲೆ ಹುಡುಗಿ ಎರಡೂ ಕೈ ಜೋಡಿಸಿ, ಅತ್ತೆ ಹೊರಗೆ ಕಾಲಿಡುವವರೆಗೆ ಕಾದು, ಮೆಲ್ಲನೆ ಬಾಗಿಲು ಹಾಕಿಕೊಂಡಳು.

ಅತ್ತೆ ಚೀಲ ತಬ್ಬಿಕೊಂಡು ಬಾಗಿಲಿನಾಚೆ ಕಿವಿಗೊಟ್ಟು ನಿಂತಳು. ಚಿಲಕ ಹಾಕಿದಳೋ ಇಲ್ಲವೋ ತಿಳಿಯಲಿಲ್ಲ. ಎಣ್ಣೆ ಕುಡಿದ ಚಿಲಕ ಸದ್ದೇ ಮಾಡಲಿಲ್ಲ.