ಹೂಂ, ಉಹೂಂ ಮತ್ತು ಮೂರನೇ ಮಹಡಿ

ಪಕ್ಕದ ಮನೆಯ ನೀರಿನ ಮೋಟಾರು ದಿನಾ ಬೆಳಗ್ಗೆ ಮೂರು ಸಲ ಕೆಮ್ಮಿ, ನಾಲ್ಕನೆಯ ಸಲ ಗಂಟಲು ಸರಿಮಾಡಿಕೊಂಡು ಓಡತೊಡಗುತ್ತದೆ. ಆ ನಡುಕಕ್ಕೆ ಹಲೋ ಅಕ್ಕನ ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಕಿಣಿಗುಟ್ಟುತ್ತವೆ.

"ಒಂದಿನ ಆ ಮೋಟಾರನ್ನ ನಾನೇ ಹೋಗಿ ಕಿತ್ತು ಎಸೀತೀನಿ," ಎಂದಳು ಅವಳು ತಲೆ ಬಾಚಿಕೊಳ್ಳುತ್ತ.

"ಕೆಮ್ಮಲಿ ಬಿಡು," ಎಂದರು ಅತ್ತೆ. "ಕೆಮ್ಮದಿದ್ದ ದಿನ ಏನಾಯ್ತೋ ಅಂತ ನಾನು ಹೋಗಿ ನೋಡ್ಕೊಂಡು ಬರ್ಬೇಕು. ನಿಂಗೇನು ಇವತ್ತು ಪರೀಕ್ಷೆನಾ? ಎರಡನೇ ಸಲ ಜಡೆ ಬಿಚ್ತಿದೀಯ."

ಪರೀಕ್ಷೆಯೇ. ಹದಿನಾಲ್ಕು ವರ್ಷ ಅವಳು ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತವಳು. ಆ ಹೆಸರು ಅಲ್ಲಿಂದಲೇ ಅಂಟಿಕೊಂಡದ್ದು. ಆ ಕಡೆಯವರು ಉಸಿರೆಳೆದರೆ ಸಾಕು, ಯಾವ ವಾರ್ಡಿನ ಯಾರು ಎಂದು ಅವಳಿಗೆ ತಿಳಿಯುತ್ತಿತ್ತು. ಬೋರ್ಡು ತೆಗೆದುಹಾಕಿದ ಮೇಲೆ ಅವಳನ್ನು ಹಳೆಯ ಕಡತಗಳ ಕೋಣೆಗೆ ಕಳಿಸಿದರು. ಅಲ್ಲಿ ಎರಡು ವರ್ಷ ಧೂಳು ಕುಡಿದಳು. ಸಂಜೆ ತರಗತಿಗೆ ಹೋಗಿ ನೆಟ್‌ವರ್ಕ್ ಕೆಲಸ ಕಲಿತು, ಕಂಪ್ಯೂಟರ್ ಕೋಣೆಯಲ್ಲಿ ಒಂದು ಕುರ್ಚಿ ಗಿಟ್ಟಿಸಿಕೊಂಡು ಆರು ತಿಂಗಳಾಗಿತ್ತು.

ಇಡೀ ಆಸ್ಪತ್ರೆಯ ವೈಫೈಗೆ ಇದ್ದದ್ದು ಒಂದೇ ಪಾಸ್‌ವರ್ಡ್. ಅದನ್ನು ಯಾರೋ ಲಿಫ್ಟಿನ ಪಕ್ಕ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು. ಎದುರಿನ ಕ್ಷೌರದಂಗಡಿಯವರೂ ಅದರಲ್ಲೇ ಸಿನಿಮಾ ನೋಡುತ್ತಿದ್ದರು. ಎಕ್ಸ್‌ರೇ ಚಿತ್ರಗಳು ಮಾತ್ರ ತೆವಳುತ್ತ ಬರುತ್ತಿದ್ದವು. ಇದಕ್ಕೆ ಹಲೋ ಅಕ್ಕ ಒಂದು ಸರ್ವರ್ ಕೂರಿಸಿದಳು. ಇನ್ನು ಮುಂದೆ ಒಬ್ಬೊಬ್ಬರಿಗೂ ಅವರವರದೇ ಹೆಸರು, ಅವರವರದೇ ಪಾಸ್‌ವರ್ಡ್. ಗೋಡೆಯ ಮೇಲಿನ ವೈಫೈ ಪೆಟ್ಟಿಗೆ, ಬಂದವರನ್ನು ಬಿಡಲೇ ಎಂದು ಸರ್ವರನ್ನು ಕೇಳಬೇಕು. ಸರ್ವರು ಹೂಂ ಅನ್ನಬೇಕು, ಇಲ್ಲವೇ ಉಹೂಂ.

ಶನಿವಾರ ಅವಳು ಮಹಡಿ ಮಹಡಿ ಹತ್ತಿ ಪರೀಕ್ಷಿಸಿದ್ದಳು. ಎಲ್ಲೇ ಹೋದರೂ ಮೊದಲು ಬೇಕೆಂದೇ ತಪ್ಪು ಪಾಸ್‌ವರ್ಡ್ ಒತ್ತುವುದು ಅವಳ ಪದ್ಧತಿ. ಉಹೂಂ ಅನ್ನಲು ಬಾರದ ಸರ್ವರಿನ ಹೂಂ ಅನ್ನು ಅವಳು ನಂಬುತ್ತಿರಲಿಲ್ಲ.

ಸೋಮವಾರ ಒಂಬತ್ತಕ್ಕೆ ಹಳೆಯ ಪಾಸ್‌ವರ್ಡ್ ನಿಂತಿತು. ಸೂಪರಿಂಟೆಂಡೆಂಟರು ಮೊದಲೇ ಹೇಳಿಬಿಟ್ಟಿದ್ದರು: "ಸಂಜೆ ನಾಲ್ಕರ ಒಳಗೆ ದೂರಿನ ಪುಸ್ತಕದಲ್ಲಿ ಒಂದು ಸಾಲು ಬಂದ್ರೂ ಹಳೇದೇ ಇರ್ಲಿ. ನೀವು ವಾಪಸ್ ಕಡತದ ಕೋಣೆಗೆ."

ಅವಳ ಪರದೆಯ ಮೇಲೆ ಹೂಂಗೆ ಹಸಿರು ಚುಕ್ಕೆ, ಉಹೂಂಗೆ ಕೆಂಪು. ನೆಲಮಹಡಿ, ಮೊದಲನೆಯದು, ಎರಡನೆಯದು ಎಲ್ಲ ಕಡೆ ಹಸಿರು, ನಡುನಡುವೆ ಬೆರಳು ತಪ್ಪಿದವರ ಕೆಂಪು. ಎರಡು ಗಂಟೆಯಾದರೂ ದೂರಿಲ್ಲ. ಕಂಪ್ಯೂಟರ್ ಕೋಣೆಯವರು ಆಗಲೇ ಬೆನ್ನು ತಟ್ಟತೊಡಗಿದ್ದರು. ಅವಳ ಕಣ್ಣು ಮಾತ್ರ ಮೂರನೇ ಮಹಡಿಯ ಸಾಲಿನಿಂದ ಕದಲಲಿಲ್ಲ. ಅಲ್ಲಿ ಕೆಂಪು ಇರಲಿಲ್ಲ. ಹಸಿರೂ ಇರಲಿಲ್ಲ.

ಇಪ್ಪತ್ತು ಜನ ನರ್ಸುಗಳಿರುವ ಮಹಡಿ. ಒಬ್ಬರೂ ಬೆರಳು ತಪ್ಪಲಿಲ್ಲವೇ? ಅವಳಿಗೆ ಕೆಮ್ಮದ ಮೋಟಾರು ನೆನಪಾಯಿತು. ಎದ್ದು ಮೆಟ್ಟಿಲು ಹತ್ತಿದಳು.

ಎರಡನೇ ಮಹಡಿಯ ತಿರುವಿನಲ್ಲಿ ಮೂವರು ನರ್ಸುಗಳು ಟ್ಯಾಬ್ಲೆಟ್ ಹಿಡಿದು ಗೋಡೆಗೊರಗಿ ನಿಂತಿದ್ದರು. ಅವಳನ್ನು ಕಂಡದ್ದೇ ಟ್ಯಾಬ್ಲೆಟ್‌ಗಳು ಬೆನ್ನ ಹಿಂದೆ ಹೋದವು.

"ಇಲ್ಲೇನ್ ಮಾಡ್ತಿದೀರಾ?"

"ಗಾಳಿ ತಗೋತಿದೀವಿ ಅಕ್ಕ," ಎಂದಳು ಒಬ್ಬಳು. ಅಲ್ಲಿ ಕಿಟಕಿಯೇ ಇರಲಿಲ್ಲ.

ಮೇಲೆ ದೊಡ್ಡ ಸಿಸ್ಟರ್ ಚೀಟಿಗಳನ್ನು ಜೋಡಿಸುತ್ತಿದ್ದರು. ಪ್ರತಿ ಹಾಸಿಗೆಯ ಜ್ವರ, ರಕ್ತದೊತ್ತಡ ಚೀಟಿಯಲ್ಲಿ ಬರೆದು, ಎರಡನೇ ಮಹಡಿಯ ವೈಫೈ ಸಿಗುವ ಕೆಳಗಿನ ತಿರುವಿಗೆ ಒಯ್ದು ಅಲ್ಲಿ ಟ್ಯಾಬ್ಲೆಟ್‌ಗೆ ಸೇರಿಸುತ್ತಿದ್ದರು. ಬೆಳಗ್ಗೆಯಿಂದ.

"ಫೋನ್ ಮಾಡ್ಬಾರ್ದಿತ್ತಾ ಸಿಸ್ಟರ್?"

"ಮಾಡಿದ್ರೆ ಅದು ದೂರಾಗುತ್ತಲ್ಲಮ್ಮ. ನಿನ್ನ ಕೆಲಸ ಹೋಗೋದು ಬೇಡ, ನಾಲ್ಕು ಗಂಟೆವರೆಗೂ ಬಾಯಿ ಮುಚ್ಕೊಂಡಿರಿ ಅಂತ ನಾನೇ ಎಲ್ಲರಿಗೂ ಹೇಳಿದೆ. ನನ್ನ ಮಂಡಿಗೆ ಮಾತ್ರ ಹೇಳೋಕಾಗಲ್ಲ, ಅದು ಕೂಗ್ತಾನೇ ಇದೆ."

ಹಲೋ ಅಕ್ಕ ತಲೆಯೆತ್ತಿ ಗೋಡೆ ನೋಡಿದಳು. ವೈಫೈ ಪೆಟ್ಟಿಗೆ ಬೇರೆಯದಾಗಿತ್ತು. ಭಾನುವಾರ ಮೇಲಿನಿಂದ ನೀರು ಸೋರಿದಾಗ ಎಲೆಕ್ಟ್ರಿಷಿಯನ್ ಉಗ್ರಾಣದಿಂದ ಇನ್ನೊಂದನ್ನು ತಂದು ಹಾಕಿದ್ದನಂತೆ. ಸರ್ವರಿನ ಪಟ್ಟಿಯಲ್ಲಿ ಇಲ್ಲದ ಪೆಟ್ಟಿಗೆ ಕೇಳಿದರೆ ಸರ್ವರು ಹೂಂ ಅನ್ನುವುದಿಲ್ಲ, ಉಹೂಂ ಕೂಡ ಅನ್ನುವುದಿಲ್ಲ, ಸುಮ್ಮನಿರುತ್ತದೆ. ಆ ಸುಮ್ಮನಿರುವುದಕ್ಕೆ ಅವಳು ಪರದೆಯ ಮೇಲೆ ಬಣ್ಣವನ್ನೇ ಇಟ್ಟಿರಲಿಲ್ಲ.

ಕೆಳಗಿಳಿದು ಹೊಸ ಪೆಟ್ಟಿಗೆಯನ್ನು ಪಟ್ಟಿಗೆ ಸೇರಿಸಿ, ಮತ್ತೆ ಮೇಲೆ ಬಂದು ತಪ್ಪು ಪಾಸ್‌ವರ್ಡ್ ಒತ್ತಿದಳು. ಪ್ರವೇಶವಿಲ್ಲ ಎಂದು ಬಂತು. ಅವಳ ಮುಖ ಅರಳಿತು.

"ಅದು ಬೇಡ ಅಂದ್ರೂ ನಗ್ತೀಯಲ್ಲ," ಎಂದರು ದೊಡ್ಡ ಸಿಸ್ಟರ್.

"ಮಾತಾಡ್ತಲ್ಲ ಸಿಸ್ಟರ್, ಸಾಕು. ಈಗ ನೀವು ಒತ್ತಿ."

ಅವರು ಎರಡು ಸಲ ತಪ್ಪಿದರು. ಮೂರನೆಯದಕ್ಕೆ ಒಳಗೆ ಹೋದರು.

ಗಂಟೆ ಮೂರೂ ಕಾಲು. ಸುಮ್ಮನೆ ಮುಕ್ಕಾಲು ಗಂಟೆ ಕೂತಿದ್ದರೆ ಸಾಕಾಗಿತ್ತು. ಹಲೋ ಅಕ್ಕ ದೂರಿನ ಪುಸ್ತಕ ತೆಗೆದು ಒಂದು ಸಾಲು ಬರೆದು, ಅದನ್ನು ಸೂಪರಿಂಟೆಂಡೆಂಟರ ಮೇಜಿನ ಮೇಲಿಟ್ಟಳು.

ಅವರು ಕನ್ನಡಕ ಏರಿಸಿದರು. "ಮೂರನೇ ಮಹಡಿ, ಆರು ಗಂಟೆ ಕಾಲ ಸಂಪರ್ಕ ಇರಲಿಲ್ಲ. ಯಾರು ಕೊಟ್ಟಿದ್ದು?"

"ನಾನೇ ಸಾರ್."

"ಯಾರ ಮೇಲೆ?"

"ನನ್ನ ಮೇಲೇ."

ಅವರು ಆ ಸಾಲನ್ನು ಮತ್ತೊಮ್ಮೆ ಓದಿದರು. "ಹಳೇ ಪದ್ಧತಿಯಲ್ಲಿ ಮೂರನೇ ಮಹಡಿ ಮೂರು ದಿನ ಸತ್ತು ಬಿದ್ದಿದ್ರೂ ನಂಗೆ ಗೊತ್ತಾಗ್ತಿರ್ಲಿಲ್ಲ." ಪುಸ್ತಕ ಮುಚ್ಚಿದರು. "ಇನ್ನೊಂದು ತಿಂಗಳು ಇದನ್ನೇ ನಡೆಸಿ. ಆದ್ರೆ ನಾಳೆ ಯಾವುದೋ ಪೆಟ್ಟಿಗೆ ಹೀಗೇ ಬದಲಾದ್ರೆ ಏನ್ಮಾಡ್ತೀರಾ? ದಿನಾ ಮೆಟ್ಟಿಲು ಹತ್ತೀರಾ?"

"ಇಲ್ಲ ಸಾರ್, ಉತ್ತರ ಸಿಗದೆ ಹೋದದ್ದಕ್ಕೂ ಒಂದು ಬಣ್ಣ ಇಡ್ತೀನಿ. ಹಳದಿ ಇಟ್ರೆ ದೂರದಿಂದ ಕಾಣುತ್ತೆ, ಆದ್ರೆ ಹಸಿರಿನ ಪಕ್ಕ ಅದು ಸ್ವಲ್ಪ..." ಎನ್ನುತ್ತಲೇ ಅವಳು ಬಾಗಿಲು ದಾಟಿದ್ದಳು; ಅವರಿಗೆ ಕೇಳಿಸಿದ್ದು ಕಾರಿಡಾರಿನ ಉದ್ದಕ್ಕೂ ದೂರವಾಗುತ್ತ ಹೋದ ಚಪ್ಪಲಿಯ ಸದ್ದು, ಮತ್ತೆ "ಕಿತ್ತಳೆ ಆದ್ರೆ ಬಹುಶಃ..."