ಷಡ್ಡಕನ ಕೈಗೆ ಹೊಸ ಚೆಂಡು

ಊಟಕ್ಕೆ ಕೂತಾಗ ಪಕ್ಕದವರ ತಟ್ಟೆಯ ಕಡೆ ಕಣ್ಣು ಹಾಯಿಸುವ ಅಭ್ಯಾಸ ನನಗೆ ಮೊದಲು ಇರಲಿಲ್ಲ. ನನ್ನ ಅನ್ನ, ನನ್ನ ಸಾರು ಎಂದು ತಲೆ ತಗ್ಗಿಸಿ ಉಣ್ಣುವ ಸಭ್ಯರ ಪೈಕಿ ನಾನೂ ಒಬ್ಬನಾಗಿದ್ದೆ. ಈ ಚಾಳಿ ಅಂಟಿಕೊಂಡದ್ದು ಕಲ್ಯಾಣದ ಮಾವನ ಮನೆಯಲ್ಲಿ, ಒಂದು ಭಾನುವಾರ ಮಧ್ಯಾಹ್ನ. ಮದುವೆಯಾದಂದಿನಿಂದ ತಪ್ಪದೆ ನನ್ನ ತಟ್ಟೆಗೆ ಬರುತ್ತಿದ್ದ ಅಂಜಲ್ ಮೀನಿನ ನಡುತುಂಡು ಆ ದಿನ ನನ್ನನ್ನು ದಾಟಿಕೊಂಡು ಹೋಗಿ ನನ್ನ ಷಡ್ಡಕನ ತಟ್ಟೆಯಲ್ಲಿ ಕೂತಿತು. ನನಗೆ ಬಂದದ್ದು ಬಾಲದ ಕಡೆಯದು. ಅತ್ತೆ ಬೇಕೆಂದೇ ಮಾಡಿದ್ದಲ್ಲ ಎಂದು ಹೆಂಡತಿ ವಸಂತಿ ಇಂದಿಗೂ ವಾದಿಸುತ್ತಾಳೆ. ಬೇಕೆಂದೇ ಮಾಡಿದ್ದರೆ ನಾನು ಇಷ್ಟು ನೊಂದುಕೊಳ್ಳುತ್ತಿರಲಿಲ್ಲ. ಅವರ ಕೈ ತಾನಾಗಿಯೇ ಆ ಕಡೆ ಹೋಯಿತಲ್ಲ, ಅದು ನನ್ನ ದುಃಖ.

ಈ ಷಡ್ಡಕ, ಅಂದರೆ ವಸಂತಿಯ ತಂಗಿ ಪ್ರಮೀಳಾಳ ಗಂಡ ದಿನೇಶ, ತಾನಾಗಿ ಬಂದು ನನ್ನ ತುಂಡಿಗೆ ಕೈ ಹಾಕಿದವನಲ್ಲ. ಅವನನ್ನು ಆರಿಸಿ, ಹಿರಿಯರೊಡನೆ ವಾದ ಮಾಡಿ, ಕೈಹಿಡಿದು ಮನೆಯೊಳಗೆ ತಂದು ಕೂರಿಸಿದವನು ನಾನೇ. ಅದೂ ನಮ್ಮ ಕ್ರಿಕೆಟ್ ತಂಡಕ್ಕೆ ಖರ್ಚಿಲ್ಲದೆ ಒಬ್ಬ ವೇಗದ ಬೌಲರ್ ಬೇಕಾಗಿದ್ದ ಎಂಬ ಒಂದೇ ಕಾರಣಕ್ಕೆ.

ಬೊಂಬಾಯಿ ಆಗಷ್ಟೇ ಮುಂಬಯಿ ಆಗಿದ್ದ ಕಾಲ ಅದು. ಡೊಂಬಿವಲಿಯಲ್ಲಿ ನಮ್ಮದೊಂದು ಕನ್ನಡ ಸಂಘ, ಸಂಘಕ್ಕೊಂದು ತಂಡ, ತಂಡಕ್ಕೆ ನಾನು ಕ್ಯಾಪ್ಟನ್. ನವೆಂಬರಿನಲ್ಲಿ ಭಾಷಣ ಕೇಳುತ್ತಿದ್ದ ಕನ್ನಡಿಗರೆಲ್ಲ ಚಳಿ ಬಿದ್ದ ಕೂಡಲೇ ಟೆನಿಸ್ ಚೆಂಡು ಹಿಡಿದು ಮೈದಾನಕ್ಕೆ ಇಳಿಯುತ್ತಿದ್ದರು. ಥಾಣೆಯವರು, ನೆರೂಳದವರು, ನಾವು, ಹೀಗೆ ಸಂಘ ಸಂಘಗಳ ನಡುವೆ ಪಂದ್ಯಾವಳಿ. ನಮ್ಮಲ್ಲಿ ಹೊಸ ಚೆಂಡನ್ನು ಕ್ಯಾಪ್ಟನ್ನೇ ಕೊಂಡು ತರಬೇಕು ಎಂಬ ಪದ್ಧತಿ ಇತ್ತು. ನಾನು ಅದನ್ನು ಹಿಂದಿನ ದಿನವೇ ತಂದು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೆ. ಆಫೀಸಿನಲ್ಲಿ ನಾನು ಯಾವ ವಿಷಯದಲ್ಲೂ ಮೊದಲನೆಯವನಲ್ಲ. ಬೆಳಗಿನ ಫಾಸ್ಟ್ ಲೋಕಲಿನಲ್ಲಿ ಸೀಟು ಹೋಗಲಿ, ಎರಡೂ ಕಾಲೂರಲು ಜಾಗ ಸಿಕ್ಕಿದರೆ ಪುಣ್ಯ. ಆದರೆ ಆ ಒಂದು ಭಾನುವಾರ, ರೋಮ ಇನ್ನೂ ನೆಟ್ಟಗಿರುವ ಹೊಸ ಚೆಂಡು ನನ್ನ ಕೈಯಲ್ಲಿ, ಮೊದಲ ಓವರು ನನ್ನದು. ಮೈದಾನವಿಡೀ ನಾನು ಓಡಿ ಬರುವುದನ್ನೇ ಕಾಯುತ್ತ ನಿಂತಿರುವ ಆ ಗಳಿಗೆಗಾಗಿ ಉಳಿದ ವರ್ಷವನ್ನು ಹೇಗೋ ತಳ್ಳುತ್ತಿದ್ದೆ.

ಅಂಥ ತಂಡದ ಬೌಲಿಂಗಿಗೆ ದೃಷ್ಟಿ ತಗಲಿತು. ಒಬ್ಬ ಬೌಲರ್ ಗಲ್ಫಿಗೆ ಹೋದ. ಇನ್ನೊಬ್ಬ ನೆರೂಳದಲ್ಲಿ ಫ್ಲ್ಯಾಟು ಸಿಕ್ಕಿತೆಂದು ಮೂಟೆ ಕಟ್ಟಿದ. ಆ ದಿನಗಳಲ್ಲಿ ನೀರು ದಿನವಿಡೀ ಬರುತ್ತದೆ ಎಂಬ ಮಾತು ಕೇಳಿದರೆ ಡೊಂಬಿವಲಿಯ ಎಂಥ ನಿಷ್ಠಾವಂತನ ಮನಸ್ಸೂ ಕದಲುತ್ತಿತ್ತು. ಉಳಿದವನು ನಾನು, ನನ್ನ ಮೊಣಕಾಲು ಓಡಿ ಬರುವಾಗ ಹಳೆಯ ಬಾಗಿಲಿನ ಹಾಗೆ ಸದ್ದು ಮಾಡತೊಡಗಿತ್ತು.

ಸಂಘದ ಕಾರ್ಯದರ್ಶಿ ಪಾಟೀಲರು ವಿಜಾಪುರದ ಕಡೆಯವರು, ಹೃದಯ ದೊಡ್ಡದು, ಸಂಘದ ಪೆಟ್ಟಿಗೆ ಸಣ್ಣದು. "ಸಾಹೇಬ್ರ, ಥಾಣೇದವ್ರಿಗೆ ಹೋಟೆಲ್ ಶೆಟ್ರು ಅದಾರ. ಬೌಲರ್ ಬೇಕಂದ್ರ ಕ್ಯಾಶ್ ಕೌಂಟರಿನ್ಯಾಗ ಕುಂದರಿಸಿ ನಮ್ಮ ಮನಿಷ್ಯಾ ಅಂತಾರ. ನಮ್ಮ ಹತ್ರ ಏನೈತ್ರಿ? ಲಿಂಬಿ ಹಣ್ಣಿಗೆ, ಬಿಸ್ಕೀಟಿಗೆ ಸಾಲೂದಿಲ್ಲ" ಎಂದರು. ನಮ್ಮವರ ಮಕ್ಕಳನ್ನೇ ತಯಾರು ಮಾಡೋಣವೆಂದರೆ ಅವರೆಲ್ಲ ತಮ್ಮ ತಮ್ಮ ಗಲ್ಲಿಯ ತಂಡಗಳಲ್ಲಿ ಮರಾಠಿಯಲ್ಲಿ ಆಡುತ್ತಿದ್ದರು. ಕನ್ನಡದಲ್ಲಿ ಕರೆದರೆ "ಕಾಕಾ, ಟೈಮ್ ನಾಹೀ" ಎಂದು ಸೈಕಲ್ ಏರುತ್ತಿದ್ದರು.

ಆಗ ಪಾಟೀಲರು ಪಂದ್ಯಾವಳಿಯ ನಿಯಮವನ್ನು ನೆನಪಿಸಿದರು. ಆಡುವವನು ತನ್ನ ಊರಿನ ಸಂಘಕ್ಕೆ ಆಡಬೇಕು. ಅವನ ಊರಿನಲ್ಲಿ ಸಂಘವೇ ಇಲ್ಲದಿದ್ದರೆ ಸದಸ್ಯರ ಮಗನೋ ಅಳಿಯನೋ ಆಗಿರಬೇಕು. ಮಗ ಎಂಬುದು ನಮ್ಮ ಕೈ ಮೀರಿದ್ದು. ಅಳಿಯ ಎಂಬ ಪದವನ್ನು ಪಾಟೀಲರು ಎರಡು ಸಲ ಹೇಳಿದರು. ಕಲ್ಯಾಣದ ನನ್ನ ಮಾವ ನಮ್ಮ ಸಂಘದ ಹಳೆಯ ಸದಸ್ಯರು. ಅವರ ಎರಡನೆಯ ಮಗಳು ಪ್ರಮೀಳಾಳಿಗೆ ಗಂಡು ಹುಡುಕುತ್ತಿದ್ದರು.

ಆ ದಿನದಿಂದ ವಧುವಿನ ಭಾವನಾಗಿ ನನ್ನ ಉತ್ಸಾಹ ಎಲ್ಲರ ಮೆಚ್ಚುಗೆಗೆ ಪಾತ್ರವಾಯಿತು. ಮಾವ ಹೊರಟಲ್ಲೆಲ್ಲ ನಾನೂ ಹೊರಟೆ. ಅವರು ಹುಡುಗನ ಸಂಬಳ, ಸ್ವಂತ ಮನೆ ವಿಚಾರಿಸುವಾಗ ನಾನು ಅವನ ಭುಜದ ಅಗಲ ನೋಡುತ್ತಿದ್ದೆ. ಭಾಂಡುಪಿನ ಒಬ್ಬ ಬ್ಯಾಂಕಿನವನನ್ನು ಬೆರಳು ಗಿಡ್ಡವೆಂದು ನಾನು ಮನಸ್ಸಿನಲ್ಲೇ ತಿರಸ್ಕರಿಸಿದೆ, ಬಾಯಲ್ಲಿ ಮಾತ್ರ ಜಾತಕದ ಮೇಲೆ ಹಾಕಿದೆ. ಕೊನೆಗೆ ನಮ್ಮವರ ಸಂಘವಿಲ್ಲದ ಅಂಬರನಾಥದಲ್ಲಿ ದಿನೇಶ ಸಿಕ್ಕಿದ. ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಕಾರ್ಖಾನೆಯ ತಂಡದಲ್ಲಿ ಬೌಲರ್, ಆಳು ಬಾಗಿಲಿನೆತ್ತರ. ಚಹಾದ ಕಪ್ಪನ್ನು ಅವನು ಎಡಗೈಯಲ್ಲಿ ಎತ್ತಿಕೊಂಡಾಗ ನನಗೆ ಮೈಯೆಲ್ಲ ಝುಮ್ಮೆಂದಿತು. ಎಡಗೈಯ ವೇಗದ ಬೌಲರ್ ಎಂದರೆ ಕ್ಯಾಪ್ಟನ್ ಆದವನ ಪಾಲಿಗೆ ಏನು ಎಂಬುದನ್ನು ಕ್ಯಾಪ್ಟನ್ ಆಗದವರಿಗೆ ವಿವರಿಸುವುದು ಕಷ್ಟ.

ಅದೇ ಎಡಗೈ ಅತ್ತೆಯ ಕಣ್ಣಿಗೂ ಬಿದ್ದಿತ್ತು. ಹಿಂದಿರುಗುವ ದಾರಿಯಲ್ಲಿ ಅವರು, "ಹುಡುಗ ಎಲ್ಲ ಸರಿ ಉಂಟು, ಆದ್ರೆ ಎಡಚ ಅಲ್ವಾ? ನಾಳೆ ನಾಲ್ಕು ಜನರ ಎದುರು ಎಡಗೈಯಲ್ಲಿ ಬಡಿಸಿದ್ರೆ ಎಂತ ಮಾಡುವುದು?" ಎಂದರು. ನಾನು ಬಿಡಲಿಲ್ಲ. ಎಡಗೈಯವರು ಬುದ್ಧಿವಂತರು, ಹೆಂಡತಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ, ಅವರಿಗೆ ಸಿಟ್ಟು ಬರುವುದಿಲ್ಲ, ಸಕ್ಕರೆ ಕಾಯಿಲೆಯೂ ಬರುವುದಿಲ್ಲ ಎಂದು ಕಲ್ಯಾಣ ಬರುವವರೆಗೆ ಹೇಳಿದೆ. ಇದನ್ನೆಲ್ಲ ಎಲ್ಲಿ ಓದಿದೆನೆಂದು ಯಾರೂ ಕೇಳಲಿಲ್ಲ. ಮದುವೆಯ ದಿನ ಧಾರೆಯ ಹೊತ್ತಿಗೆ ಎಲ್ಲರೂ ಹುಡುಗಿಯ ಸೀರೆ ನೋಡುತ್ತಿದ್ದರೆ ಪಾಟೀಲರೂ ನಾನೂ ಹುಡುಗನ ಮಣಿಕಟ್ಟು ನೋಡುತ್ತಿದ್ದೆವು.

ಪಂದ್ಯಾವಳಿ ಬಂತು. ಥಾಣೆಯವರ ಮೇಲೆ ಆಟ. ಹೊಸ ಚೆಂಡು ನನ್ನ ಜೇಬಿನಲ್ಲಿತ್ತು. ಪಾಟೀಲರು ಹತ್ತಿರ ಬಂದು ಮೆಲ್ಲಗೆ, "ಸಾಹೇಬ್ರ, ನೀವು ಸ್ವಲ್ಪ ತಡದ ಬರ್ರಿ. ಅಂವಾ ಮೊದಲ ಹಾಕ್ಲಿ" ಎಂದರು. ಅವನನ್ನು ಇದಕ್ಕೇ ತಂದದ್ದು ಎಂಬುದು ನನಗೆ ತಿಳಿಯದ್ದೇನಲ್ಲ. ಆದರೂ ಜೇಬಿನಿಂದ ಚೆಂಡನ್ನು ತೆಗೆದು ಆ ಎಡಗೈಯಲ್ಲಿ ಇಡುವಾಗ ನನ್ನ ಬೆರಳುಗಳು ಅದನ್ನು ಒಡನೆ ಬಿಡಲಿಲ್ಲ. ದಿನೇಶ ಮೃದುವಾಗಿ ಎಳೆದುಕೊಳ್ಳಬೇಕಾಯಿತು. ಥಾಣೆಯವರ ವಿಕೆಟ್ಟುಗಳು ಉದುರಿದವು, ನಮ್ಮವರು ಕುಣಿದರು, ನಾನೂ ಚಪ್ಪಾಳೆ ತಟ್ಟಿದೆ. ಒಳಗೆ ಮಾತ್ರ, ದೇವರೇ ಒಂದಾದರೂ ಸಿಕ್ಸರ್ ಹೊಡೆಸು ಎಂದು ನನ್ನದೇ ತಂಡದ ವಿರುದ್ಧ ಪ್ರಾರ್ಥಿಸುತ್ತಿದ್ದೆ.

ನಮ್ಮ ಹಿರಿಯರು ಅರಿಷಡ್ವರ್ಗಗಳನ್ನು ಎಣಿಸುವಾಗ ಮತ್ಸರವನ್ನು ಕೊನೆಗಿಟ್ಟಿದ್ದಾರೆ. ಮೊದಲು ನನಗೆ ಇದು ಅದರ ಯೋಗ್ಯತೆಯ ಲೆಕ್ಕ ಅನ್ನಿಸುತ್ತಿತ್ತು. ಈಗ ಅರ್ಥವಾಗಿದೆ, ಕಾಮ ಕ್ರೋಧಗಳೆಲ್ಲ ಮೇಲಿನ ಕ್ರಮಾಂಕದ ಆಟಗಾರರು, ವಯಸ್ಸಾದ ಹಾಗೆ ಒಬ್ಬೊಬ್ಬರಾಗಿ ಔಟಾಗುತ್ತಾರೆ. ಕೊನೆಯಲ್ಲಿ ಬಂದ ಮತ್ಸರ ಮಾತ್ರ ಬ್ಯಾಟು ಊರಿ ನಿಂತುಬಿಡುತ್ತದೆ. ಸಂಸ್ಕೃತದವರು ಅದಕ್ಕೆ ಅಸೂಯೆ ಎಂದು ಇನ್ನೊಂದು ಹೆಸರು ಕೊಟ್ಟು ಗೌರವ ತಂದರು. ಹೊಟ್ಟೆಕಿಚ್ಚು ಎಂದು ಅದರ ವಿಳಾಸವನ್ನೇ ಹೇಳಿದವರು ಕನ್ನಡಿಗರು. ಬಾಲದ ತುಂಡು ತಿಂದ ಮಧ್ಯಾಹ್ನಗಳಲ್ಲಿ ಅದು ಎಲ್ಲಿ ಉರಿಯುತ್ತದೆಂದು ನಾನು ಬೆರಳಿಟ್ಟು ತೋರಿಸಬಲ್ಲೆ.

ಮಾವನ ಮನೆಯಲ್ಲಿ ಫ್ಯಾನಿನ ಕೆಳಗಿನ ಬೆತ್ತದ ಕುರ್ಚಿ ನನ್ನದಾಗಿತ್ತು, ಈಗ ಮಡಚುವ ಕಬ್ಬಿಣದ ಕುರ್ಚಿಗೆ ಬಂದೆ. ಮೊದಲು ನಾನು 'ನಮ್ಮ ಅಳಿಯ', ಈಗ 'ಡೊಂಬಿವಲಿಯ ಅಳಿಯ'. ನಾನು ಕ್ರಿಕೆಟ್ ಮಾತು ತೆಗೆದರೆ ನಿದ್ದೆ ಹೋಗುತ್ತಿದ್ದ ಮಾವ ಈಗ ನೀರುಳ್ಳಿಯೊಂದನ್ನು ದಿನೇಶನ ಕೈಗಿಟ್ಟು, ಚೆಂಡು ಹೇಗೆ ಹಿಡಿಯುವುದು ತೋರಿಸು ಎನ್ನುತ್ತಿದ್ದರು. ಅತ್ತೆಯಂತೂ, "ಎಡಗೈಯವರು ಬುದ್ಧಿವಂತರಂತೆ, ಗೊತ್ತುಂಟಾ?" ಎಂದು ನನಗೇ ತಿಳಿಸಿದರು. ಸಿಟ್ಟು ತೀರಿಸಿಕೊಳ್ಳೋಣವೆಂದರೆ ಆ ಮನುಷ್ಯನಲ್ಲಿ ಒಂದು ಕೊರತೆಯಾದರೂ ಬೇಡವೇ? ನಾನು ಹೋದರೆ ಎದ್ದು ನಿಲ್ಲುತ್ತಿದ್ದ, 'ಭಾವ, ಭಾವ' ಎಂದು ನನ್ನ ಚೀಲ ಹೊರುತ್ತಿದ್ದ. ಇಷ್ಟು ಒಳ್ಳೆಯವನಾಗಿರಬೇಕೆಂದು ಅವನಿಗೆ ಯಾರು ಹೇಳಿದ್ದರು?

ಈ ನಡುವೆ ವಸಂತಿಯ ವಿಷಯ ಹೇಳಬೇಕು. ಅವಳಿಗೆ ಕ್ರಿಕೆಟ್ಟಿನಲ್ಲಿ ಗೊತ್ತಿದ್ದದ್ದು ಒಂದೇ ಪದ, ನೋಬಾಲ್. ಕಲಿಸಿದವನು ನಾನು. ಔಟಾದ ದಿನಗಳಲ್ಲೆಲ್ಲ ಮನೆಗೆ ಬಂದು ಶೂ ಬಿಚ್ಚುತ್ತ, "ಅದು ನೋಬಾಲ್, ಅಂಪೈರ್ ಕೊಡಲಿಲ್ಲ" ಎನ್ನುತ್ತಿದ್ದೆ. ಅನ್ಯಾಯವಾದಾಗ ಹೇಳುವ ಮಾತು ಅದು ಎಂದು ಅವಳು ತಿಳಿದುಕೊಂಡಳು. ಸ್ಟೇಷನ್ನಿನ ಬಳಿ ತರಕಾರಿಯವನು ತಕ್ಕಡಿಯ ಮೇಲೆ ಬೆರಳಿಟ್ಟರೆ, "ಏ ಭಯ್ಯಾ, ನೋಬಾಲ್!" ಎಂದು ಗದರುತ್ತಿದ್ದಳು. ಆಟ ನೋಡಲು ಮಾತ್ರ ಅವಳು ಎಂದೂ ಬಂದವಳಲ್ಲ.

ಮರುವರ್ಷ ದಿನೇಶ ನೆರೂಳದಲ್ಲಿ, ಸೀವುಡ್ಸ್ ಕಡೆಗೆ, ಫ್ಲ್ಯಾಟು ತೆಗೆದುಕೊಂಡ. ಅಲ್ಲಿ ಸಂಘವಿತ್ತು. ನಿಯಮದ ಪ್ರಕಾರ ಇನ್ನು ಅವನು ಅವರ ಬೌಲರ್. ಪಾಟೀಲರು ತಲೆಯ ಮೇಲೆ ಕೈಹೊತ್ತು ಕೂತರು. ನಾನೂ ಕೂತೆ, ಹೊಸ ಚೆಂಡು ಮರಳಿ ನನ್ನದಾಯಿತೆಂಬ ಸಂತೋಷ ಮುಖದಲ್ಲಿ ಕಾಣದಂತೆ. ಆದರೆ ಗೃಹಪ್ರವೇಶಕ್ಕೆ ಹೋಗಿ ಅವನ ಲಿಫ್ಟು, ಅಗಲದ ರಸ್ತೆ, ಬೇಕೆಂದಾಗ ನೀರು ಬರುವ ನಲ್ಲಿ ನೋಡಿದ ಮೇಲೆ ಆ ಸಂತೋಷವೂ ಉಳಿಯಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿಯನ್ನು ಸುಮ್ಮನೆ ತಿರುಗಿಸಿ ತಿರುಗಿಸಿ ನೋಡಿದೆ. ಒಮ್ಮೆಯಾದರೂ ಅದು ಬರಿ ಗಾಳಿ ಉಗುಳಲಿಲ್ಲ.

ಆ ಚಳಿಗಾಲದ ಕೊನೆಯ ಪಂದ್ಯ ನೆರೂಳದಲ್ಲೇ, ನೆರೂಳದವರ ಮೇಲೆಯೇ ಬಂತು. ಊಟ ಪ್ರಮೀಳಾಳ ಮನೆಯಲ್ಲಿ ಎಂದು ವಸಂತಿಯೂ ಹೊರಟಳು. ಅಕ್ಕ ತಂಗಿ ಶಾಮಿಯಾನದ ಕೆಳಗೆ ಕೂತರು. ಮೊದಲ ಓವರು ಹಾಕಿದವನು ನಾನು. ಅದರ ವರ್ಣನೆ ಬೇಡ, ಹೊಸ ಚೆಂಡು ಒಂದು ಓವರಿನಲ್ಲೇ ಹಳೆಯದಾಯಿತು ಎಂದರೆ ಸಾಕು. ಆದರೂ ನಮ್ಮ ಹುಡುಗರು ಬ್ಯಾಟಿಂಗಿನಲ್ಲಿ ಎಳೆದಾಡಿ ಆಟವನ್ನು ಕೊನೆಯವರೆಗೆ ತಂದರು. ಗೆಲ್ಲಲು ಒಂದು ಒಳ್ಳೆಯ ಹೊಡೆತ ಸಾಕು, ಉಳಿದಿರುವುದು ಒಂದೇ ವಿಕೆಟ್. ಬ್ಯಾಟು ನನ್ನ ಕೈಯಲ್ಲಿ, ಆ ತುದಿಯಲ್ಲಿ ಪಾಟೀಲರು, ಚೆಂಡು ದಿನೇಶನ ಎಡಗೈಯಲ್ಲಿ.

ಅವನು ಓಡಿ ಬಂದ. ಅವನ ಕಾಲು ಗೆರೆಯ ಹಿಂದೆ ಒಂದು ಗೇಣು ಒಳಗೇ ಬಿದ್ದದ್ದನ್ನು ನಾನು ಸ್ಪಷ್ಟವಾಗಿ ನೋಡಿದೆ, ನೋಡದೇ ಹೋದದ್ದು ಚೆಂಡನ್ನು. ವಿಕೆಟ್ಟಿನ ನಡುಕಡ್ಡಿ ಹಿಂದಕ್ಕೆ ಹಾರಿತು. ನೆರೂಳದವರು ಬೊಬ್ಬೆ ಹೊಡೆಯಲು ಬಾಯಿ ತೆರೆಯುವ ಮೊದಲೇ ಶಾಮಿಯಾನದಿಂದ ಒಂದು ಕೂಗು ಬಂತು.

"ನೋಬಾಲ್!"

ವಸಂತಿ ಎದ್ದು ನಿಂತಿದ್ದಳು. ಪಕ್ಕದಲ್ಲಿ ಪ್ರಮೀಳಾ ಇನ್ನಾರದೋ ಬಳೆ ನೋಡುತ್ತಿದ್ದಳು. ಮೈದಾನವಿಡೀ ನಕ್ಕಿತು. ನಗದೇ ಇದ್ದವನು ದಿನೇಶ. ಅವನು ಶಾಮಿಯಾನದ ಕಡೆ ನೋಡಿದ, ನನ್ನ ಕಡೆ ನೋಡಿದ, ಅಂಪೈರಿಗೆ ಹೇಳಿದ: "ಅಕ್ಕ ಹೇಳಿದ್ದು ಸರಿ. ಕಾಲು ಹೊರಗೆ ಹೋಗಿತ್ತು. ಇನ್ನೊಂದು ಹಾಕ್ತೇನೆ."

ಅಂಪೈರ್ ಗೊಂದಲಕ್ಕೆ ಬಿದ್ದು ನನ್ನ ಮುಖ ನೋಡಿದ. ಸುಮ್ಮನೆ ನಿಂತಿದ್ದರೆ ಸಾಕಿತ್ತು, ಗೆಲ್ಲಲೂಬಹುದಿತ್ತು. ಆದರೆ ಆಗ ನನ್ನ ಹೊಟ್ಟೆಯ ಕಿಚ್ಚು ಎಂದೂ ಇಲ್ಲದಷ್ಟು ಜೋರಾಗಿ ಉರಿಯಿತು. ಮೀನಿನ ತುಂಡು ಇವನದು, ಕುರ್ಚಿ ಇವನದು, ನಲ್ಲಿಯ ನೀರು ಇವನದು. ಈಗ ಈ ಮೈದಾನದಲ್ಲಿ ದೊಡ್ಡ ಮನಸ್ಸಿನವನೂ ಇವನೊಬ್ಬನೇ ಆಗಬೇಕೇ? ಅದಕ್ಕೆ ಮಾತ್ರ ಬಿಡಲಾರೆ. ಬ್ಯಾಟನ್ನು ಕಂಕುಳಲ್ಲಿಟ್ಟು, "ಕಾಲು ಒಳಗಿತ್ತು, ನಾನು ನೋಡಿದ್ದೇನೆ" ಎಂದು ಹೊರಟೆ. ಪಾಟೀಲರು ಆ ತುದಿಯಿಂದ, "ಸಾಹೇಬ್ರ, ಎಲ್ಲಿ ಹೊಂಟ್ರಿ? ಅಂವನ ಹೇಳಾಕತ್ತಾನಲ್ರಿ!" ಎಂದು ಬೇಡುತ್ತಿದ್ದುದು ಕೇಳಿಸಿತು. ನಾವು ಸೋತೆವು. ಜನ ನನಗೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೊಟ್ಟೆಕಿಚ್ಚಿನಿಂದ ಮಾಡಿದ ಕೆಲಸಕ್ಕೆ ಇಷ್ಟು ಗೌರವ ಸಿಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಶಾಮಿಯಾನದಲ್ಲಿ ವಸಂತಿ ಮುಖ ಊದಿಸಿಕೊಂಡಿದ್ದಳು. "ಅಷ್ಟು ಜನರ ಎದುರು ನಾನು ಕೂಗಿದೆ. ನೀವು ಅಲ್ಲ ಅಂತ ಬಂದುಬಿಟ್ರಿ. ಹಾಗಾದ್ರೆ ಇಷ್ಟು ವರ್ಷ ಮನೆಗೆ ಬಂದು ಹೇಳಿದ್ದೆಲ್ಲ?"

"ಅವೆಲ್ಲ ನೋಬಾಲೇ. ಇದೊಂದು ಅಲ್ಲ" ಎಂದೆ. ಅವಳು ಒಂದು ಗಳಿಗೆ ನನ್ನನ್ನೇ ನೋಡಿ, ನೀರಿನ ಬಾಟಲಿಯ ಮುಚ್ಚಳ ತೆಗೆದು ಕೊಟ್ಟಳು. ನಂಬಿದಳೋ, ನಂಬದೆಯೇ ಇಷ್ಟು ವರ್ಷ ನನ್ನ ಪಕ್ಷದಲ್ಲಿದ್ದಳೋ ತಿಳಿಯದು. ಕೇಳುವ ಧೈರ್ಯ ನನಗಿಲ್ಲ.

ಸಂಜೆ ದಿನೇಶ ಬಸ್ ಸ್ಟಾಪಿನವರೆಗೆ ಬಂದ, ಎಂದಿನಂತೆ ನನ್ನ ಚೀಲ ಹೊತ್ತು. ಡೊಂಬಿವಲಿಯ ಬಸ್ಸು ಬಂದು ವಸಂತಿ ಹತ್ತಿದ ಮೇಲೆ ಚೀಲವನ್ನು ನನ್ನ ಕೈಗೆ ಕೊಡುತ್ತ ತಗ್ಗಿದ ದನಿಯಲ್ಲಿ, "ಭಾವ, ನಾನು ಇಷ್ಟು ವಿಕೆಟ್ ತೆಗೆದಿದ್ದೇನೆ. ಪ್ರಮೀಳಾ ಒಂದು ದಿನವೂ ಹಾಗೆ ಎದ್ದು ನಿಂತು ಕೂಗಿದವಳಲ್ಲ" ಎಂದ. ಚೀಲದ ಹಿಡಿಯನ್ನು ಅವನ ಎಡಗೈ ಒಡನೆ ಬಿಡಲಿಲ್ಲ. ನಾನು ಮೃದುವಾಗಿ ಎಳೆದುಕೊಳ್ಳಬೇಕಾಯಿತು.

ಬಸ್ಸು ಶಿಳ್‌ಫಾಟಾದ ಕಡೆ ತಿರುಗಿದಾಗ ವಸಂತಿ, "ಎಂತ ಹೇಳ್ತಿದ್ದ ದಿನೇಶ?" ಎಂದಳು.

"ಏನಿಲ್ಲ" ಎಂದೆ. "ನಮ್ಮ ತಂಡಕ್ಕೆ ಯಾರಾದರೂ ಬೌಲರ್ ಸಿಕ್ಕಿದರೆ ಹೇಳ್ತಾನಂತೆ."

ಕೊನೆಗೂ ನಡುತುಂಡು ಸಿಕ್ಕಿದವನು ಅದನ್ನು ಯಾರ ಜೊತೆಯೂ ಹಂಚಿಕೊಳ್ಳುವುದಿಲ್ಲ.